ಶಕ್ತಿ ತುಂಬುವುದಲ್ಲ, ಊರಿ ನಿಲ್ಲಿಸುವುದು
ಬೈಬಲಿನ ಲೂಕ 22:32ರಲ್ಲಿ ಯೇಸು ಪೇತ್ರನಿಗೆ ‘ನಿನ್ನ ಸಹೋದರರನ್ನು ದೃಢಪಡಿಸು’ ಎನ್ನುವಲ್ಲಿ ಬರುವ ಗ್ರೀಕ್ ಕ್ರಿಯಾಪದ ‘ಸ್ಟೇರಿಜೋ’ಗೆ ಲೇಖನವೊಂದರಲ್ಲಿ ಅದರ ಲೇಖಕರು ‘ಹೊಸ ಶಕ್ತಿ ತುಂಬು’ ಎಂದು ಅರ್ಥ ಕೊಟ್ಟಿರುವುದನ್ನು ಒಪ್ಪುವುದು ಕಷ್ಟ. ಶಕ್ತಿ ತುಂಬುವುದಕ್ಕೆ ಗ್ರೀಕ್‌ನಲ್ಲಿ ‘ಎಂಡುನಮೋವೋ’ ಎಂಬ ಪದ ಬೇರೆಯೇ ಇದೆ (ಫಿಲಿಪ್ಪಿ 4:13). ಸ್ಟೇರಿಜೋ ಎಂದರೆ ಅಲುಗದಂತೆ ಊರಿ ನಿಲ್ಲಿಸುವುದು. ಲೂಕ 16:26ರಲ್ಲಿ ಐಶ್ವರ್ಯವಂತನಿಗೂ ಲಾಜರನಿಗೂ ನಡುವೆ ಇಟ್ಟ ಕಂದರಕ್ಕೂ ಇದೇ ಪದ. ಕಂದರಕ್ಕೆ ಶಕ್ತಿ ತುಂಬುವುದುಂಟೇ? ವಿಮೋಚನಕಾಂಡ 17:12ರ ಪ್ರಾಚೀನ ಗ್ರೀಕ್ ಅನುವಾದದಲ್ಲಿ ಆರೋನ, ಹೂರರು ಆಚೆ ಈಚೆ ನಿಂತು ಮೋಶೆಯ ಸೋತ ಕೈಗಳಿಗೆ ಆಸರೆ ಕೊಟ್ಟಿದ್ದಕ್ಕೂ ಇದೇ. ಇನ್ನು 1 ಪೇತ್ರ 5:10ರಲ್ಲಂತೂ ಇದರ ಬೆನ್ನಿಗೇ, ಬಲ ಕೊಡುವ ಅರ್ಥದ ‘ಸ್ಥೆನೋವೋ’ ಪ್ರತ್ಯೇಕವಾಗಿ ಬರುತ್ತದೆ. ಇಂಗ್ಲಿಷ್ ಬೈಬಲಿನ ‘ಸ್ಟ್ರೆಂಥನ್’ ಒಂದನ್ನೇ ನೆಚ್ಚಿದರೆ ಇವೆಲ್ಲ ಕಲಸಿಹೋಗುತ್ತವೆ. ಬೈಬಲಿನ ಮೂಲಭಾಷೆಯ ಪದಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಸ್ಟ್ರಾಂಗ್ ಕೋಶದಲ್ಲಿ ಸಂಖ್ಯೆ ಹಿಡಿದು ಹುಡುಕಿ: ಸ್ಟೇರಿಜೋ 4741, ಎಂಡುನಮೋವೋ 1743.