ಹಂಡ್ರೆಡ್ ಪರ್ಸೆಂಟ್ ಅಟೆಂಡೆನ್ಸಿಗೆ ಕಪ್ ಕೊಡೋದು ನಿಲ್ಸಿ

ನಿನ್ನೆ ಸಂಜೆಯಿಂದ ತಲೆ ಕೆಟ್ಟೋಗಿದೆ, ಬರೀದೆ ಇದ್ರೆ ನಿದ್ದೆ ಬರಲ್ಲ. ತಂಗಿ ಮಗನ ಸ್ಕೂಲ್ ಡೇ ಇತ್ತು ಬೆಂಗಳೂರಲ್ಲಿ. ದೊಡ್ಡ ಪ್ರೈವೇಟ್ ಶಾಲೆ, ಹೆಸರು ಬೇಡ. ಡ್ಯಾನ್ಸು, ಡ್ರಾಮಾ ಎಲ್ಲಾ ಮುಗಿದ್ಮೇಲೆ ಬಹುಮಾನ ಶುರು ಮಾಡಿದ್ರು. ಒಂದನೇ ಕ್ಲಾಸಿನ ಒಂದು ಪುಟ್ಟ ಹುಡುಗೀನ ಸ್ಟೇಜಿಗೆ ಕರೆದು, ವರ್ಷಪೂರ್ತಿ ಒಂದು ದಿನಾನೂ ರಜಾ ಹಾಕಿಲ್ಲ ಅಂತ ಹೇಳಿ ಅದರ ಅರ್ಧ ಎತ್ತರ ಇರೋ ಕಪ್ ಕೊಟ್ರು. ಆಮೇಲೆ ಮೈಕು ಅದರ ಅಮ್ಮನ ಕೈಗೆ ಹೋಯ್ತು. ಆಕೆ ಖುಷಿಯಿಂದಾನೇ ಹೇಳಿದ್ರು, "ನೂರಾ ಒಂದು ಜ್ವರ ಇದ್ದಾಗ್ಲೂ ಸಿರಪ್ ಕುಡ್ಸಿ ಕಳ್ಸಿದೀವಿ, ಒಂದಿನಾನೂ ಮಿಸ್ ಮಾಡ್ಸಿಲ್ಲ." ಹಾಲ್ ತುಂಬಾ ಚಪ್ಪಾಳೆ. ಪ್ರಿನ್ಸಿಪಾಲರೂ ಎದ್ದು ನಿಂತು ಚಪ್ಪಾಳೆ ಹೊಡೆದ್ರು.

ನಂಗೆ ಕೈ ಎತ್ತಕ್ಕೇ ಆಗಲಿಲ್ಲ. ಆ ತಾಯಿ ಮೇಲೆ ಸಿಟ್ಟಿಲ್ಲ, ಆ ಕಪ್ ಮೇಲೆ ಸಿಟ್ಟು. ಒಂದು ಶಾಲೆ, ಅಷ್ಟು ಜನ ಟೀಚರ್ಸ್ ಇರೋ ಶಾಲೆ, ಜ್ವರ ಇರೋ ಮಗೂನ ಶಾಲೆಗೆ ಕಳಿಸಿದ್ದು ದೊಡ್ಡ ಸಾಧನೆ ಅಂತ ಮೈಕಲ್ಲಿ ಸಾರ್ತಿದೆಯಲ್ಲ, ಮುಂದಿನ ವರ್ಷ ಆ ಕಪ್ ಬೇಕು ಅಂತ ಅಲ್ಲಿ ಕೂತಿದ್ದ ಎಷ್ಟು ಮಕ್ಕಳು ಮನೇಲಿ ಹಟ ಹಿಡೀಬಹುದು?

ಬೆಳಗ್ಗೆ ಸಿರಪ್ ಕುಡ್ಸಿ ಕಳಿಸಿದ ಮಗು ಹನ್ನೊಂದೂವರೆಗೆ ಹೆಂಗಿರುತ್ತೆ ಅಂತ ನೋಡೋರು ನಾವು. ನನ್ನ ಬಲ್ಲೋರಿಗೆ ಗೊತ್ತು, ನಾನು ದೊಡ್ಡಬಳ್ಳಾಪುರದ ಕಡೆ ಸರ್ಕಾರಿ ಶಾಲೇಲಿ ನಲಿಕಲಿ ಮಿಸ್ಸು, ಅಂದ್ರೆ ಚಿಕ್ಕ ಮಕ್ಕಳಿಗೆ ಆಟ, ಕಾರ್ಡುಗಳ ಮೂಲಕ ಕಲಿಸೋಳು. ಒಂದು, ಎರಡು, ಮೂರು, ಮೂರೂ ಕ್ಲಾಸಿನ ಮಕ್ಕಳು ಒಂದೇ ರೂಮಲ್ಲಿ, ಗುಂಪು ಗುಂಪಾಗಿ ಕೂರ್ತವೆ, ಕಾರ್ಡುಗಳು ಕೈಯಿಂದ ಕೈಗೆ ಹೋಗ್ತಾ ಇರ್ತವೆ, ಒಂದೇ ಕ್ರೆಯಾನ್ ನಾಕು ಜನ ಹಿಡೀತಾರೆ, ಬಾಯಿಗೂ ಇಟ್ಕೋತಾರೆ. ಪ್ಯಾರಾಸಿಟಮಾಲ್ ಕೆಲಸ ಮಾಡೋದು ನಾಕರಿಂದ ಆರು ಗಂಟೆ, ಅಷ್ಟೇ. ಏಳಕ್ಕೆ ಕುಡ್ಸಿದ್ರೆ ಪ್ರಾರ್ಥನೆ ಹೊತ್ತಿಗೆ ಮಗು ಚೆನ್ನಾಗೇ ಇರುತ್ತೆ, ಓಡಾಡುತ್ತೆ, ನಗುತ್ತೆ. ಹನ್ನೊಂದು ದಾಟಿದ್ಮೇಲೆ ಮೆಲ್ಲಗೆ ಮಂಕಾಗುತ್ತೆ, ಕಣ್ಣು ಕೆಂಪಗಾಗುತ್ತೆ, ಗೋಡೆಗೆ ಒರಗುತ್ತೆ, ಆಮೇಲೆ ಸ್ಲೇಟ್ ಮೇಲೆ ತಲೆ ಇಟ್ಟು ಮಲಗುತ್ತೆ. ಮುಟ್ಟಿ ನೋಡಿದ್ರೆ ಮೈ ಸುಡ್ತಾ ಇರುತ್ತೆ.

ಈ ಮಳೆಗಾಲದಲ್ಲಿ ಹಿಂಗೇ ಒಂದು ಹುಡುಗಿ. ಯೂನಿಫಾರ್ಮ್ ಕಾಲರಿನ ಮೇಲೆ ಕಿತ್ತಳೆ ಬಣ್ಣದ ಕಲೆ, ಇನ್ನೂ ಅಂಟಂಟಾಗಿತ್ತು, ಮುಟ್ಟಿದ್ರೆ ಬೆರಳಿಗೆ ಹತ್ತೋದು. "ಬೆಳಗ್ಗೆ ಔಷಧಿ ಕುಡಿದ್ಯೇನೇ ಪುಟ್ಟಿ" ಅಂದೆ. ತಲೆ ಬಗ್ಗಿಸ್ಕೊಂಡು, "ಅಮ್ಮ ಯೋಳ್ಬ್ಯಾಡ ಅಂದೈತೆ ಮಿಸ್" ಅಂತು. ಆರು ವರ್ಷದ ಮಗು, ಮೈಯಲ್ಲಿ ಅಷ್ಟು ಜ್ವರ, ಅದರ ಜೊತೆಗೆ ಅಮ್ಮನ ಗುಟ್ಟು ಬೇರೆ ಕಾಪಾಡ್ಕೊಂಡು ಕೂತಿತ್ತು.

ಅವರಮ್ಮಂಗೆ ಫೋನ್ ಮಾಡಿದ್ರೆ ಎತ್ತಲ್ಲ. ಗಾರ್ಮೆಂಟ್ಸಲ್ಲಿ ಕೆಲಸ, ಲೈನಿಗೆ ಫೋನ್ ತಗೊಂಡು ಹೋಗಂಗಿಲ್ಲ, ಊಟಕ್ಕೆ ಬಿಟ್ಟಾಗ್ಲೇ ಸಿಗೋದು. ಅಲ್ಲೀವರೆಗೂ ಒದ್ದೆ ಬಟ್ಟೆ ಹಾಕ್ತಾ, ನೀರು ಕುಡಿಸ್ತಾ, ಆಫೀಸ್ ರೂಮಲ್ಲಿ ಮಲಗಿಸಿದ್ವಿ. ಔಷಧಿ ಕೊಡೋಣ ಅಂದ್ರೆ ಎಷ್ಟು ಗಂಟೆಗೆ ಕುಡ್ಸಿದಾರೆ, ಎಷ್ಟು ಕುಡ್ಸಿದಾರೆ ಗೊತ್ತಿಲ್ಲ. ಸಿರಪ್ಪಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇರೋದೂ ಬರುತ್ತೆ, 250 ಇರೋದೂ ಬರುತ್ತೆ, ಎರಡೂ ಬಾಟಲಿ ನೋಡೋಕೆ ಒಂದೇ ಥರ, ಒಂದೇ ಮುಚ್ಚಳದಲ್ಲಿ ಅಳೆದ್ರೂ ಒಂದರಲ್ಲಿ ಡೋಸ್ ಡಬಲ್. ಅದರ ಮೇಲೆ ನಾವೂ ಒಂದು ಡೋಸ್ ಹಾಕಿದ್ರೆ ಲಿವರ್ ಗತಿ ಏನು? ಹಂಗಾಗಿ ಮಗು ನರಳ್ತಾ ಇದ್ರೂ ನಾವು ಗಡಿಯಾರ ನೋಡ್ಕೊಂಡು ಕೂತಿರಬೇಕು.

ಒಂದೂವರೆಗೆ ಆಕೆ ಸಿಕ್ರು. ಬೈಯೋ ಮನಸ್ಸಿತ್ತು, ದೇವರಾಣೆಗೂ ಇತ್ತು. ಆದ್ರೆ ಆಕೆ ಅಂದಿದ್ದು ಕೇಳಿ. "ತಿಂಗ್ಳು ಮುಗಿಯಕ್ಕೆ ಇನ್ನ ನಾಕೇ ದಿನ ಐತೆ ಮಿಸ್, ಇವತ್ತು ರಜಾ ಹಾಕುದ್ರೆ ಅಟೆಂಡೆನ್ಸ್ ಬೋನಸ್ ಪೂರ್ತಿ ಹೋಯ್ತದೆ."

ನೋಡಿ, ಅಲ್ಲೂ ಅದೇ. ಅಮ್ಮಂಗೆ ಫ್ಯಾಕ್ಟರೀಲಿ ಅಟೆಂಡೆನ್ಸ್ ಬೋನಸ್ಸು, ಮಗೂಗೆ ಶಾಲೇಲಿ ಅಟೆಂಡೆನ್ಸ್ ಕಪ್ಪು. ಇಬ್ಬರಿಗೂ ಹೇಳ್ತಿರೋದು ಒಂದೇ ಮಾತು, ನಿನ್ನ ಮೈ ಹೆಂಗಾದ್ರೂ ಇರಲಿ, ನೀನು ಬಾ. ಒಂದು ಕಡೆ ಬಾಡಿಗೆ, ಚೀಟಿ ದುಡ್ಡು ಇದರ ಮೇಲೆ ನಿಂತಿರುತ್ತೆ, ಇನ್ನೊಂದು ಕಡೆ ಮಗೂನ ಆಸೆ ನಿಂತಿರುತ್ತೆ. ತಾಯಿ ಏನು ಮಾಡಬೇಕು?

ಇದನ್ನ ಹೇಳಿದ ತಕ್ಷಣ ಶುರು ಮಾಡ್ತಾರೆ, ಕಾನೂನಿದೆಯಲ್ಲ ಮೇಡಂ, ಕೆಲಸಗಾರರ ವಿಮೆ ಇಎಸ್‌ಐ ಇದೆಯಲ್ಲ, ಚಿಕ್ಕ ಮಕ್ಕಳನ್ನ ನೋಡ್ಕೊಳ್ಳೋ ಕೂಸಿನ ಮನೆ ಇದೆಯಲ್ಲ ಅಂತ. ಇಎಸ್‌ಐನಲ್ಲಿ ಖಾಯಿಲೆ ರಜೆಗೆ ಸಂಬಳದ ಶೇಕಡ 70 ಸಿಗುತ್ತೆ, ವರ್ಷಕ್ಕೆ 91 ದಿನ. ಆದ್ರೆ ಅದು ಕೆಲಸ ಮಾಡೋಳಿಗೇ ಖಾಯಿಲೆ ಆದ್ರೆ ಮಾತ್ರ, ಮಗೂಗೆ ಜ್ವರ ಬಂದ್ರೆ ಅಲ್ಲ. ಕಾನೂನಿನ ಪ್ರಕಾರ ದೊಡ್ಡ ಫ್ಯಾಕ್ಟರಿಗಳಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ಆದ್ರೆ ಅದು ಆರು ವರ್ಷದೊಳಗಿನ ಮಕ್ಕಳಿಗೆ. ಒಂದನೇ ಕ್ಲಾಸಿಗೆ ಬಂದ ಮಗೂಗೆ ಅಲ್ಲೂ ಜಾಗ ಇಲ್ಲ. ನಮ್ಮ ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ 2021ರಿಂದ ಶಿಶುಪಾಲನಾ ರಜೆ ಇದೆ, ಒಟ್ಟು ಆರು ತಿಂಗಳು. ನಾನೂ ಅದನ್ನ ತಗೊಂಡಿದೀನಿ, ನನ್ನ ಮಗಂಗೆ ಟೈಫಾಯ್ಡ್ ಆದಾಗ ಅವನ ಪಕ್ಕದಲ್ಲೇ ಇದ್ದೆ. ಆ ರಜೆ ಇಲ್ಲದಿದ್ರೆ ನಾನೇನು ಮಾಡ್ತಿದ್ದೆ ಅಂತ ಯೋಚನೆ ಮಾಡಿದ್ರೆ ಎದೆ ಝಲ್ ಅನ್ನುತ್ತೆ. ನಂಗೆ ಸಿಕ್ಕಿದ್ದು ನನ್ನ ಕ್ಲಾಸಿನ ಮಕ್ಕಳ ಅಮ್ಮಂದಿರಿಗೂ ಸಿಗಬೇಕು. ಇದರಲ್ಲಿ ರಾಜಿ ಇಲ್ಲ.

ಸರಿ, ಹಂಗಂತ ಸೀನಿದ್ದಕ್ಕೆಲ್ಲಾ ಮನೇಲಿ ಕೂರಿಸ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಜೂನ್ ಜುಲೈನಲ್ಲಿ ಸಿಂಬಳ ಸುರಿಯದೇ ಇರೋ ಮಗು ನಮ್ಮ ಕ್ಲಾಸಲ್ಲಿ ಯಾವುದಿದೆ ಹೇಳಿ. 2025ರ ಮೇ ಕೊನೇಲಿ ಶಾಲೆ ಶುರುವಾಗೋ ಹೊತ್ತಿಗೆ, ಕೋವಿಡ್ ಮತ್ತೆ ತಲೆ ಎತ್ತಿತ್ತಲ್ಲ, ಆಗ ನಮ್ಮ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಕಳಿಸ್ತು, ಜ್ವರ ಕೆಮ್ಮು ನೆಗಡಿ ಇರೋ ಮಕ್ಕಳನ್ನ ಶಾಲೆಗೆ ಕಳಿಸಬೇಡಿ, ಬಂದ್ರೆ ಪೋಷಕರಿಗೆ ತಿಳಿಸಿ ಮನೆಗೆ ಕಳಿಸಿ ಅಂತ. ಆ ಹೊತ್ತಿಗೆ ಅದು ಸರಿಯೇ. ಆದ್ರೆ ಎಲ್ಲಾ ಕಾಲಕ್ಕೂ ಹಂಗೇ ಮಾಡಕ್ಕಾಗಲ್ಲ. ಇನ್ನು ಮನೆಗೆ ಕಳಿಸಿ ಅಂದ್ರೆ ಯಾರ ಮನೆಗೆ? ಬಾಗಿಲಿಗೆ ಬೀಗ ಹಾಕಿ ಅಪ್ಪ ಮಗ್ಗದ ಕೆಲಸಕ್ಕೆ, ಅಮ್ಮ ಗಾರ್ಮೆಂಟ್ಸಿಗೆ ಹೋಗಿರ್ತಾರೆ.

ಇಂಗ್ಲೆಂಡಲ್ಲಿ 2023ರಲ್ಲಿ ಅವರ ಮುಖ್ಯ ವೈದ್ಯಾಧಿಕಾರಿ ಕ್ರಿಸ್ ವಿಟ್ಟಿ ಶಾಲೆಗಳಿಗೆ ಕಾಗದ ಬರೆದು, ಸಣ್ಣಪುಟ್ಟ ಕೆಮ್ಮು ನೆಗಡಿ ಇದ್ರೆ ಮಕ್ಕಳು ಶಾಲೆಗೆ ಬರಬಹುದು ಅಂದಿದ್ರು. ಅಲ್ಲಿರೋ ನನ್ನ ಫ್ರೆಂಡ್ ಒಬ್ಬಳು ಇದನ್ನೇ ಹಿಡ್ಕೊಂಡು, ನೀನು ಯಾಕೆ ಇಷ್ಟು ಗಾಬರಿ ಆಗ್ತೀಯ ಅಂತಾಳೆ. ಪೂರ್ತಿ ಓದು ಕಣೇ. ಜೋರು ಜ್ವರ ಇದ್ರೆ ಮನೇಲೇ ಇರಬೇಕು ಅಂತ ಅವರೂ ಹೇಳ್ತಾರೆ. ನೆಗಡಿ ಬೇರೆ, ಜ್ವರ ಬೇರೆ, ಸಿರಪ್ಪಲ್ಲಿ ಮುಚ್ಚಿಟ್ಟ ಜ್ವರ ಇನ್ನೂ ಬೇರೆ.

ತೀರ್ಮಾನ ಮಾಡೋದು ಅಷ್ಟೇನೂ ಕಷ್ಟ ಇಲ್ಲ ನಿಜವಾಗ್ಲೂ. ಮೂಗು ಸೋರ್ತಿದೆ, ಒಂಚೂರು ಕೆಮ್ಮು, ಆದ್ರೆ ದೋಸೆ ತಿಂತು, ತಮ್ಮನ ಜೊತೆ ಜಗಳ ಆಡ್ತು, ಜ್ವರ ಇಲ್ಲ ಅಂದ್ರೆ ಕಳಿಸಿ, ಜೇಬಲ್ಲಿ ಒಂದು ಕರ್ಚೀಫ್ ಇಟ್ಟು ಕಳಿಸಿ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ ಅದು ಜ್ವರ, ಕಳಿಸಬೇಡಿ. ಔಷಧಿ ಇಲ್ದೇನೇ 24 ಗಂಟೆ ಜ್ವರ ಬರದೇ ಇದ್ರೆ ಕಳಿಸಿ. ವಾಂತಿ ಭೇದಿ ಆಗಿದ್ರೆ ನಿಂತ ಮೇಲೆ ಎರಡು ದಿನ ಬಿಡಿ. ಗದ್ದಕಟ್ಟು ಆಗಿದ್ರೆ ಊತ ಶುರುವಾಗಿ ಐದು ದಿನ. ಮೈಮೇಲೆ ಅಮ್ಮ ಬಂದಿದ್ರೆ ಎಲ್ಲಾ ಗುಳ್ಳೇನೂ ಒಣಗಿ ಹಕ್ಕಳೆ ಕಟ್ಟೋವರೆಗೂ ಬೇಡ. ಬೇವಿನ ಸೊಪ್ಪಲ್ಲಿ ಮಲಗ್ಸಿ, ನೀರು ಹಾಕೋ ಶಾಸ್ತ್ರ ಮುಗಿಯೋವರೆಗೂ ಮನೆಯಿಂದ ಆಚೆ ಬಿಡ್ತಿರಲಿಲ್ವಲ್ಲ ನಮ್ಮಜ್ಜಿ, ಅವರಿಗೆ ವೈರಸ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ, ಆದ್ರೆ ಅಮ್ಮ ಇಳಿಯೋ ಮುಂಚೆ ಮಗೂನ ಕಳಿಸಿದ್ದಕ್ಕೆ ಯಾವ ಊರಲ್ಲೂ ಯಾರೂ ಬಹುಮಾನ ಕೊಡ್ತಿರಲಿಲ್ಲ.

ಇನ್ನೊಂದು ವಿಷಯ, ಇದು ನಂಗೆ ನಿಜವಾಗ್ಲೂ ಭಯ ಹುಟ್ಸೋದು. ಡೆಂಗ್ಯೂ. 2024ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನ ಸಾಂಕ್ರಾಮಿಕ ರೋಗ ಅಂತ ಘೋಷಣೆ ಮಾಡಿದ್ದು ನೆನಪಿರಬಹುದು. ಆ ಜ್ವರದಲ್ಲಿ ಅಪಾಯದ ಹೊತ್ತು ಬರೋದೇ ಜ್ವರ ಇಳಿಯೋವಾಗ, ಮೂರನೇ ದಿನದಿಂದ ಏಳನೇ ದಿನದ ಒಳಗೆ. ಅಮ್ಮ ಮೈ ಮುಟ್ಟಿ ನೋಡ್ತಾಳೆ, ತಣ್ಣಗಿದೆ, ಅಬ್ಬಾ ವಾಸಿ ಆಯ್ತು, ಹೋಗು ಶಾಲೆಗೆ ಅಂತಾಳೆ. ಆಗಲೇ ಹೊಟ್ಟೆನೋವು, ಬಿಡದೇ ವಾಂತಿ, ಒಸಡಲ್ಲಿ ಮೂಗಲ್ಲಿ ರಕ್ತ, ವಿಪರೀತ ಸುಸ್ತು ಶುರುವಾಗಬಹುದು. ಆ ದಿನಗಳಲ್ಲಿ ಮಗು ಕಣ್ಣೆದುರಿಗೇ ಇರಬೇಕು. ಮೂವತ್ತು ಮಕ್ಕಳ ಮಧ್ಯೆ ನಂಗೆ ಒಂದು ಮಗೂನ ಸುಸ್ತು ಕಾಣ್ದೇ ಹೋದ್ರೆ? ಹಾಜರಿ ಪುಸ್ತಕದಲ್ಲಿ ಆ ದಿನಾನೂ ಹಾಜರಿ ಅಂತಾನೇ ಇರುತ್ತೆ. ಕಪ್ ಕೊಡೋರು ನೋಡೋದು ಅದನ್ನ ಮಾತ್ರ.

ಪಾಠ ಹೋಗುತ್ತೆ ಅನ್ನೋ ವಾದ ಒಂದಿದೆ. ಪದೇ ಪದೇ ರಜಾ ಹಾಕಿದ್ರೆ ಮಕ್ಕಳು ಹಿಂದೆ ಬೀಳ್ತವೆ, ಒಪ್ತೀನಿ. ಹಬ್ಬ, ಮದುವೆ, ಬೀಗರೂಟ ಅಂತ ವಾರಗಟ್ಟಲೆ ಕರ್ಕೊಂಡು ಹೋಗೋರ ಜೊತೆ ನಾನು ವರ್ಷಾ ವರ್ಷಾ ಜಗಳ ಆಡ್ತೀನಿ. ಆದ್ರೆ ಜ್ವರದಲ್ಲಿ ಮೂರು ದಿನ ಹೋದ್ರೆ ಏನೂ ಮುಳುಗಲ್ಲ. ನಲಿಕಲೀನ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರು ಮಾಡಿದಾಗ ಅದರಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ರು, ಕಲಿಕಾ ಏಣಿ ಅಂತ. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟಿತ್ತೋ ವಾಪಸ್ ಬಂದಾಗ ಅಲ್ಲಿಂದಾನೇ ಹತ್ತುತ್ತೆ. ನೀನು ಬರದೇ ಇದ್ದಾಗ ಪಾಠ ಮುಗಿದೋಯ್ತು ಅನ್ನೋ ಮಾತೇ ಇಲ್ಲ. ಹಳ್ಳಿ ಮಕ್ಕಳು ಕುಯ್ಲು ಅಂತ, ಖಾಯಿಲೆ ಅಂತ ಶಾಲೆ ತಪ್ಪಿಸ್ತಾರೆ, ಅವರನ್ನ ಕೈಬಿಡಬಾರದು ಅಂತ ಯೋಚನೆ ಮಾಡಿದ ಟೀಚರ್ಸ್ ಇದ್ರು ನಮ್ಮಲ್ಲಿ. ಅಷ್ಟು ಫೀಸ್ ತಗೊಳ್ಳೋ ಶಾಲೆಗಳಿಗೆ ಮೂರು ದಿನದ ಪಾಠ ಮತ್ತೆ ಹೇಳ್ಕೊಡಕ್ಕೆ ಆಗಲ್ವಾ? ಎಸ್‌ಎಸ್‌ಎಲ್‌ಸಿಗೆ ಕೂಡಾ ಕೇಳೋದು ಶೇಕಡ 75 ಹಾಜರಾತಿ. ಒಂದನೇ ಕ್ಲಾಸಿನ ಕೂಸಿಗೆ ನೂರು ಯಾಕೆ?

ಬಿಸಿಯೂಟಕ್ಕೋಸ್ಕರ ಕಳಿಸೋರೂ ಇದಾರೆ. ಮನೇಲಿ ಮಧ್ಯಾಹ್ನ ಬಡಿಸೋರಿಲ್ಲ, ಶಾಲೇಲಿ ಬಿಸಿ ಅನ್ನ ಸಾರು, ಮೊಟ್ಟೆ ಸಿಗುತ್ತೆ. ಅವರಿಗೆ ನಾನು ಏನೂ ಹೇಳಲ್ಲ. ಬರಲಿ, ಆದ್ರೆ ಹೇಳಿ ಕಳಿಸ್ಲಿ, ಬೇರೆ ಕೂರಿಸ್ತೀವಿ, ಮಲಗಿಸ್ತೀವಿ.

ನಂಗೆ ಬೇಕಾಗಿರೋದು ಅದೇ. ಹೇಳಿ ಕಳಿಸಿ. ಬೆಳಗ್ಗೆ ಎಷ್ಟು ಗಂಟೆಗೆ ಯಾವ ಔಷಧಿ ಎಷ್ಟು ಎಂಎಲ್ ಅಂತ ಡೈರೀಲೋ, ಒಂದು ಚೀಟೀಲೋ ಬರೀರಿ, ಬರಿಯಕ್ಕೆ ಬರದಿದ್ರೆ ಗೇಟ್ ಹತ್ರ ಬಾಯಲ್ಲಿ ಹೇಳಿ. ನಾನು ಬೈಯಲ್ಲ. ನನ್ನ ಕ್ಲಾಸಿನ ಅಮ್ಮಂದಿರಿಗೆ ಇದನ್ನ ಹೇಳ್ತಾ ಬಂದ್ಮೇಲೆ ಈಗ ಕೆಲವರು ಹೇಳ್ತಾರೆ, ಪಕ್ಕದ ಮನೆ ಅಜ್ಜಿ ನಂಬರೂ ಕೊಡ್ತಾರೆ. ಬೈತಾರೆ, ಹಾಜರಿ ಹೋಗುತ್ತೆ ಅನ್ನೋ ಹೆದರಿಕೆ ಹೋದ್ರೆ ಯಾವ ತಾಯೀನೂ ಮುಚ್ಚಿಡಲ್ಲ. ಆ ಹೆದರಿಕೆ ಹುಟ್ಟಿಸ್ತಿರೋದೇ ಈ ಬಹುಮಾನ.

"ಶಿಸ್ತು ಕಲಿಸಕ್ಕೆ ಬೇಕು ಮೇಡಂ, ಮಕ್ಕಳಿಗೆ ಪ್ರೋತ್ಸಾಹ" ಅಂತ ನಿನ್ನೆ ಊಟದ ಹತ್ರ ಆ ಶಾಲೆ ಟೀಚರ್ ಒಬ್ರು ಹೇಳಿದ್ರು. ಪ್ರೋತ್ಸಾಹ ಯಾರಿಗೆ? ಆ ಪಟ್ಟೀಲಿ ಆಸ್ತಮಾ ಇರೋ ಮಗು ಯಾವತ್ತಾದ್ರೂ ಬರುತ್ತಾ? ಡಯಾಲಿಸಿಸ್ ಮಾಡ್ಸೋ ಮಗು ಬರುತ್ತಾ? ಆರೋಗ್ಯವಾಗಿರೋದು ಆ ಮಗೂನ ಅದೃಷ್ಟ, ಅದಕ್ಕೆ ಕಪ್ ಕೊಟ್ಟು, ಖಾಯಿಲೆ ಬಿದ್ದ ಮಗೂಗೆ ನೀನು ಸೋತೆ ಅಂತ ಹೇಳೋದು ಎಂಥಾ ಶಿಸ್ತು ಕಣ್ರೀ? ಇನ್ನೊಬ್ಬರು, ಸೋಂಕು ತಗುಲಿದ್ರೇನೇ ಮಕ್ಕಳಿಗೆ ಶಕ್ತಿ ಬರೋದು ಅಂದ್ರು. ನಮ್ಮ ಕ್ಲಾಸಿನ ಮಗು ಮನೆಗೆ ಹೋಗಿ ಎತ್ಕೊಳ್ಳೋದು ಆರು ತಿಂಗಳ ತಂಗೀನ. ಪಕ್ಕದಲ್ಲಿ ಮಲಗೋದು ಶುಗರ್ ಇರೋ ಅಜ್ಜಿ ಜೊತೆ. ಅವರಿಗೂ ಶಕ್ತಿ ಬರಲಿ ಅಂತೀರಾ?

ನಾನು ಇವತ್ತು ಆ ಶಾಲೆಗೆ ಮೇಲ್ ಹಾಕ್ದೆ, ತಂಗಿ ಹತ್ರಾನೂ ಹಾಕಿಸ್ದೆ. ಮುಂದಿನ ವರ್ಷದಿಂದ ಈ ಬಹುಮಾನ ಬೇಡ, ಕೊಡಲೇಬೇಕು ಅಂದ್ರೆ ಖಾಯಿಲೆ ರಜೆ ಬಿಟ್ಟು ಲೆಕ್ಕ ಹಾಕಿ ಅಂತ. ಉತ್ತರ ಬಂದಿಲ್ಲ, ಬರದಿದ್ರೆ ಪೇರೆಂಟ್ಸ್ ಮೀಟಿಂಗಿಗೆ ತಂಗಿ ಜೊತೆ ನಾನೇ ಹೋಗ್ತೀನಿ. ನಿಮ್ಮ ಮಕ್ಕಳ ಶಾಲೇಲೂ ಈ ಕಪ್ ಇದ್ರೆ ನೀವೂ ಒಂದು ಕಾಗದ ಬರೀರಿ. ನಿಮ್ಮಲ್ಲಿ ಯಾರಾದ್ರೂ ಗಾರ್ಮೆಂಟ್ಸಲ್ಲಿ ಎಚ್‌ಆರ್ ಇದ್ರೆ, ಇದೀರ, ನಂಗೆ ಗೊತ್ತು, ಮಗೂಗೆ ಜ್ವರ ಅಂತ ರಜಾ ಹಾಕಿದ ಹೆಣ್ಣುಮಗಳ ಬೋನಸ್ ಕಟ್ ಮಾಡಬೇಡಿ, ಶಾಲೆಯಿಂದ ಫೋನ್ ಬಂದ್ರೆ ಲೈನಿಗೆ ಹೋಗಿ ಆಕೆಗೆ ಹೇಳೋ ಒಬ್ಬ ಮನುಷ್ಯನ್ನಾದ್ರೂ ಗೊತ್ತು ಮಾಡಿ. ಆ ನಂಬರ್ ನಂಗೆ ಇನ್‌ಬಾಕ್ಸಲ್ಲಿ ಕಳಿಸಿ, ನಾನು ನಮ್ಮ ಆಫೀಸ್ ಗೋಡೆ ಮೇಲೆ ಬರ್ಕೋತೀನಿ.