ಲಿವರ್ ರೋಗಿಯ ತೂಕ ನೋಡಿ ಸಮಾಧಾನ ಪಡಬೇಡಿ

"ತೂಕ ಏನೂ ಇಳಿದಿಲ್ಲ ಮೇಡಂ, ಮೊದಲಿಗಿಂತ ಜಾಸ್ತಿನೇ ಆಗಿದೆ." ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ರೋಗ ಆದವರನ್ನು ಐಸಿಯುಗೆ ಸೇರಿಸುವಾಗ ಮನೆಯವರು ಹೀಗನ್ನುತ್ತಾರೆ. ಡಯಟಿಷಿಯನ್ ಆಗಿ ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಏರಿದ್ದು ನೀರು. ಹೊಟ್ಟೆ ಗುಡಾಣದ ಹಾಗೆ ಉಬ್ಬಿರುತ್ತದೆ, ಪಾದ ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ತೋಳು ಹಿಡಿದು ನೋಡಿ, ಮೂಳೆಯೇ ಕೈಗೆ ಸಿಗುತ್ತದೆ.

ಲೆಕ್ಕ ಹಾಕೋಣ. ಎತ್ತರ 165 ಸೆಂ.ಮೀ., ತೂಕ 72 ಕೆಜಿ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 26 ದಾಟಿತು, ನಮ್ಮವರ ಅಳತೆಯಲ್ಲಿ ಬೊಜ್ಜು. ಆದರೆ ಹೊಟ್ಟೆಯಲ್ಲಿ ನೀರು ತುಂಬಾ ಇದ್ದರೆ ಶೇ. 15, ಕಾಲೂ ಊದಿದ್ದರೆ ಇನ್ನೂ ಶೇ. 5 ಕಳೆಯುವುದು ರೂಢಿ. ಉಳಿಯುವುದು 58 ಕೆಜಿಯೂ ಇಲ್ಲ. ಬಿಎಂಐ 21ಕ್ಕೆ ಬಂತು! ಅದರಲ್ಲೂ ಸ್ನಾಯು ಎಷ್ಟು, ಕೊಬ್ಬು ಎಷ್ಟು ಅಂತ ಗೊತ್ತಾಗುವುದಿಲ್ಲ.

ಐಸಿಯುನಲ್ಲಿ ದಪ್ಪಗಿರುವವರೇ ಹೆಚ್ಚು ಬದುಕುಳಿಯುತ್ತಾರೆ ಅಂತ ಕೆಲವು ಅಧ್ಯಯನಗಳು ಹೇಳಿದ್ದುಂಟು. ಲಿವರ್ ರೋಗಿಗಳ ವಿಷಯದಲ್ಲಿ ಅದನ್ನು ಹಾಗೇ ನಂಬಲು ನಾನು ತಯಾರಿಲ್ಲ. ನೀರನ್ನೂ ಸೇರಿಸಿ ತೂಗಿದರೆ ದಪ್ಪಗಿರುವವರು ಯಾರು, ಊದಿಕೊಂಡವರು ಯಾರು? ಸ್ನಾಯು ಕರಗಿದವರಿಗೆ ಸೋಂಕು, ಸಾವು ಎರಡರ ಅಪಾಯವೂ ಜಾಸ್ತಿ. ಮೇಲೆ ಕೊಬ್ಬು, ಒಳಗೆ ಸ್ನಾಯುವೇ ಇಲ್ಲ ಅನ್ನುವವರ ಪಾಡು ಇನ್ನೂ ಕಷ್ಟ, ನೋಡಿದರೆ ಗೊತ್ತೇ ಆಗುವುದಿಲ್ಲ.

ಲಿವರ್ ಸೋತಾಗ ರಕ್ತದ ಅಮೋನಿಯಾವನ್ನು ಒಂದಿಷ್ಟು ತೆಗೆಯುವುದು ಸ್ನಾಯುವೇ. ಅದು ಕರಗಿದರೆ ಅಮೋನಿಯಾ ಮಿದುಳಿಗೆ ತಟ್ಟಿ ಮಂಪರು ಹೆಚ್ಚುತ್ತದೆ. ಆದರೂ ಮಂಪರು ಬಂತು, ಪ್ರೋಟೀನಿನಿಂದಲೇ ಅಮೋನಿಯಾ ಅಂತ ಬೇಳೆ, ಮೊಟ್ಟೆ, ಮೊಸರು ಎಲ್ಲ ನಿಲ್ಲಿಸಿ ಗಂಜಿ ಪಥ್ಯಕ್ಕೆ ಹಾಕುವವರು ಇವತ್ತಿಗೂ ಇದ್ದಾರೆ. ನೋಡಿದರೆ ನನ್ನ ಹೊಟ್ಟೆ ಉರಿಯುತ್ತದೆ. ಯುರೋಪಿನ ಲಿವರ್ ತಜ್ಞರ ಸಂಘದ 2019ರ ಮಾರ್ಗಸೂಚಿ ಮಂಪರಿದ್ದರೂ ಪ್ರೋಟೀನ್ ಕಡಿತ ಬೇಡ ಅನ್ನುತ್ತದೆ. ದಿನಕ್ಕೆ ಕೆಜಿಗೆ 1.2ರಿಂದ 1.5 ಗ್ರಾಂ, ಅಂದರೆ ಮೇಲಿನ ರೋಗಿಗೆ ನೀರು ಕಳೆದ ತೂಕದ ಲೆಕ್ಕದಲ್ಲಿ ಸುಮಾರು 70ರಿಂದ 85 ಗ್ರಾಂ. ಗಂಜಿಯಲ್ಲಿ ಅದು ಎಲ್ಲಿಂದ ಬರಬೇಕು?

ರಾತ್ರಿ ಉಪವಾಸವೂ ಇವರಿಗೆ ಆಗಿಬರುವುದಿಲ್ಲ. ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ ಇರುತ್ತದೆ, ಬೆಳಗಾಗುವಷ್ಟರಲ್ಲಿ ದೇಹ ಸ್ನಾಯುವನ್ನೇ ತಿನ್ನಲು ಶುರುಮಾಡಿರುತ್ತದೆ. ಮನೆಯಲ್ಲಿರುವ ರೋಗಿಗೆ ಮಲಗುವ ಮುಂಚೆ ಒಂದು ಲೋಟ ಹಾಲು, ಎರಡು ಇಡ್ಲಿಯಾದರೂ ಕೊಡಿ.

ಡಾಕ್ಟರ ಹತ್ತಿರ ಸಂಕೋಚ ಬಿಟ್ಟು ಕೇಳಿ: ನೀರು ಕಳೆದು ತೂಕ ಎಷ್ಟು ಸಾರ್? ತೋಳಿನ ಸುತ್ತಳತೆ ತೆಗೆದಿದ್ದೀರಾ? ಅದಕ್ಕೆ ಒಂದು ಟೇಪು ಸಾಕು.