ಯುಜಿಡಿಯೋ ಸೆಪ್ಟಿಕ್ ಟ್ಯಾಂಕೋ, ಪಾಯ ತೋಡುವ ಮೊದಲೇ ತೀರ್ಮಾನಿಸಿ

ರಸ್ತೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಕಂಡ ಮಾತ್ರಕ್ಕೆ ಯುಜಿಡಿ, ಅಂದರೆ ರಸ್ತೆಯಡಿಯ ಒಳಚರಂಡಿ, ಇದೆ ಎಂದುಕೊಳ್ಳಬೇಡಿ. ಹೊಸ ಬಡಾವಣೆಗಳಲ್ಲಿ ಪೈಪು ಹಾಕಿ, ಚೇಂಬರ್ ಕಟ್ಟಿ, ಮುಖ್ಯ ಕೊಳವೆಗೆ ಜೋಡಿಸದೆ ಬಿಟ್ಟಿರುವುದು ಎಷ್ಟೋ ಕಡೆ ಇದೆ. ಅಂಥ ಲೈನಿನ ಜಾಡು ಹಿಡಿದು ಹೋದರೆ ಕೊನೆಗೆ ಸಿಗುವುದು ರಾಜಕಾಲುವೆ ಅಥವಾ ಕೆರೆ. ಸೈಟಿಗೆ ಅಡ್ವಾನ್ಸ್ ಕೊಡುವ ಮೊದಲು, ಬೆಂಗಳೂರಾದರೆ ಜಲಮಂಡಳಿಯ, ಬೇರೆ ಊರಾದರೆ ನಗರಸಭೆ ಅಥವಾ ಪುರಸಭೆಯ ಎಂಜಿನಿಯರ್ ಹತ್ತಿರ ಎರಡು ಪ್ರಶ್ನೆ ಕೇಳಿ. ಈ ಲೈನ್ ಯಾವ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ? ನಮ್ಮ ಸೈಟಿನ ಮುಂದಿನ ಮ್ಯಾನ್‌ಹೋಲಿನ ಆಳ ಎಷ್ಟು?

ಆಳ ಯಾಕೆ ಮುಖ್ಯ ಅಂದರೆ, 4 ಇಂಚಿನ ಪೈಪಿಗೆ ಪ್ರತಿ 40 ಅಡಿಗೆ 1 ಅಡಿ ಇಳಿಜಾರು ಬೇಕು. 30x40 ಸೈಟಿನ ಹಿಂಬದಿಯ ಟಾಯ್ಲೆಟ್‌ನಿಂದ ರಸ್ತೆಯ ಮ್ಯಾನ್‌ಹೋಲಿಗೆ 50 ಅಡಿ ಎಂದಿಟ್ಟುಕೊಳ್ಳಿ. ಇಳಿಜಾರಿಗೇ 15 ಇಂಚು ಹೋಯಿತು. ಮೊದಲ ಚೇಂಬರಿನಲ್ಲಿ ಪೈಪು ನೆಲದಿಂದ 18 ಇಂಚು ಕೆಳಗಿದ್ದರೆ ರಸ್ತೆ ಮುಟ್ಟುವಾಗ 33 ಇಂಚು. ಸೈಟು ರಸ್ತೆಗಿಂತ 2 ಅಡಿ ತಗ್ಗಿನಲ್ಲಿದ್ದರೆ 57 ಇಂಚು! ಮ್ಯಾನ್‌ಹೋಲ್ ಅಷ್ಟು ಆಳ ಇಲ್ಲದಿದ್ದರೆ ಮಣ್ಣು ತುಂಬಿಸಿ ಪ್ಲಿಂತ್, ಅಂದರೆ ಮನೆಯ ನೆಲದ ಮಟ್ಟ, ಎತ್ತರಿಸಬೇಕು. ಈ ಲೆಕ್ಕ ಪಾಯಕ್ಕೆ ಮೊದಲೇ ಆಗಬೇಕು, ಪ್ಲಂಬರ್ ಬಂದ ಮೇಲಲ್ಲ. ಮನೆಯ ನೆಲ ಆ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಎತ್ತರ ಇರಲೇಬೇಕು. ಇಲ್ಲವಾದರೆ ಲೈನ್ ಕಟ್ಟಿಕೊಂಡ ದಿನ ಬೀದಿಯವರೆಲ್ಲರ ಕೊಳಚೆ ನಿಮ್ಮ ಕೆಳಮನೆಯ ಬಚ್ಚಲಲ್ಲಿ ಉಕ್ಕುತ್ತದೆ. ಅನುಮಾನ ಇದ್ದರೆ ಕೊನೆಯ ಚೇಂಬರಿನಲ್ಲಿ ಕೊಳಚೆ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಆಗಾಗ ತೆಗೆದು ತೊಳೆಸಿ. ತಾರಸಿಯ ಮಳೆನೀರನ್ನಂತೂ ದಯವಿಟ್ಟು ಯುಜಿಡಿಗೆ ಬಿಡಬೇಡಿ. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕುವುದಕ್ಕೆ ದೊಡ್ಡ ಕಾರಣ ಅದೇ.

ಲೈನ್ ಘಟಕಕ್ಕೆ ಸೇರುತ್ತಿದ್ದು ಲೆವೆಲ್ ಸಿಗುವುದಾದರೆ ಯುಜಿಡಿಯನ್ನೇ ತೆಗೆದುಕೊಳ್ಳಿ. ತಿಂಗಳ ಶುಲ್ಕದ ಲೆಕ್ಕ ಹಾಕುತ್ತಾ ಕೂರಬೇಡಿ.

ಹಾಗೆಂದು ಸೆಪ್ಟಿಕ್ ಟ್ಯಾಂಕ್ ಕೀಳು ವ್ಯವಸ್ಥೆಯಲ್ಲ. ಆದರೆ ನಮ್ಮಲ್ಲಿ ಆ ಹೆಸರಿನಲ್ಲಿ ಇರುವುದು ಹೆಚ್ಚಾಗಿ ಸಿಮೆಂಟ್ ರಿಂಗ್ ಇಳಿಸಿದ, ತಳವೇ ಇಲ್ಲದ ಗುಂಡಿ. ನಿಜವಾದ ಟ್ಯಾಂಕಿಗೆ ನೀರು ಸೋರದ ತಳ, ಗೋಡೆ ಇರುತ್ತವೆ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470ರ ಲೆಕ್ಕದಂತೆ 10 ಜನಕ್ಕೆ, 3 ವರ್ಷಕ್ಕೊಮ್ಮೆ ಖಾಲಿ ಮಾಡಿಸುವುದಾದರೆ, ಸುಮಾರು ಆರೂವರೆ ಅಡಿ ಉದ್ದ, 3 ಅಡಿ ಅಗಲ, ನಾಲ್ಕೂವರೆ ಅಡಿ ನೀರಿನ ಆಳ, ಅದರ ಮೇಲೆ 1 ಅಡಿ ಖಾಲಿ ಜಾಗ. ಅಂದರೆ ಸುಮಾರು 2,500 ಲೀಟರ್. ನಡುವೆ ಅಡ್ಡಗೋಡೆ ಕಟ್ಟಿ, ಮೊದಲ ಕೋಣೆಗೆ ಮೂರರಲ್ಲಿ ಎರಡು ಪಾಲು ಬಿಡಿ. ಹೊರಹೋಗುವ ಪೈಪು ಒಳಬರುವ ಪೈಪಿಗಿಂತ 5 ಸೆಂ.ಮೀ. ಕೆಳಗಿರಬೇಕು, ಎರಡಕ್ಕೂ ಟೀ (T ಆಕಾರದ ಪೈಪು ತುಂಡು) ಕಡ್ಡಾಯ. ಟೀ ಇಲ್ಲದಿದ್ದರೆ ಮೇಲೆ ತೇಲುವ ಜಿಡ್ಡು ಟ್ಯಾಂಕಿನ ನೀರು ಮಣ್ಣಿಗೆ ಇಳಿಯುವ ಇಂಗುಗುಂಡಿಗೆ ನೇರ ಹೋಗಿ ಮಣ್ಣಿನ ರಂಧ್ರ ಮುಚ್ಚಿಬಿಡುತ್ತದೆ. ಗಾಳಿ ಕೊಳವೆಯ ತುದಿಗೆ ಸೊಳ್ಳೆ ಬಲೆ ಕಟ್ಟಿಸಿ. ಬ್ಯಾಕ್ಟೀರಿಯಾ ಪುಡಿ ಕೊಂಡು ಹಾಕುವುದು ಬೇಕಿಲ್ಲ, ಆಸಿಡ್ ಸುರಿಯುವುದನ್ನು ನಿಲ್ಲಿಸಿದರೆ ಸಾಕು.

ಟ್ಯಾಂಕ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಅದರಿಂದ ಹೊರಬರುವ ನೀರು ಇನ್ನೂ ಕೊಳಕೇ, ಅದನ್ನು ಸೋಸಬೇಕಾದದ್ದು ಮಣ್ಣು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿ ಅಥವಾ ಬೋರ್‌ವೆಲ್‌ಗೂ ಕನಿಷ್ಠ 18 ಮೀಟರ್, ಅಂದರೆ 60 ಅಡಿ ಅಂತರ ಇರಬೇಕು. ಸೈಟಿನ ಉದ್ದವೇ 40 ಅಡಿ! ಪಕ್ಕದ ಮನೆಯ ಬೋರ್ ಬೇರೆ ಇರುತ್ತದೆ. ಆದ್ದರಿಂದ 30x40ರಲ್ಲಿ ಬೋರ್‌ವೆಲ್ ಮತ್ತು ಇಂಗುಗುಂಡಿ ಎರಡೂ ಇರುವುದು ತಪ್ಪು ಎಂದೇ ಹೇಳುತ್ತೇನೆ. ಹೀಗೆ ಅಂತರ್ಜಲಕ್ಕೆ ಸೇರುವ ನೈಟ್ರೇಟ್ ನೀರು ಕುದಿಸಿದರೂ ಹೋಗುವುದಿಲ್ಲ.

ನಿಮ್ಮ ಮಣ್ಣು ನೀರು ಕುಡಿಯುತ್ತದೆಯೇ ಎಂದು ನೀವೇ ನೋಡಬಹುದು. ಇಂಗುಗುಂಡಿ ಬರುವ ಆಳಕ್ಕೆ ಒಂದು ಅಡಿ ಅಗಲದೊಳಗಿನ ರಂಧ್ರ ತೋಡಿ, ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡಿ. ಮರುದಿನ ಮತ್ತೆ ನೀರು ಹಾಕಿ 25 ಮಿ.ಮೀ. ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ಗಮನಿಸಿ. 30 ನಿಮಿಷದೊಳಗಾದರೆ ಇಂಗುಗುಂಡಿ ಸಾಕು. ಒಂದು ಗಂಟೆ ದಾಟಿದರೆ ಟ್ಯಾಂಕಿನ ನೀರು ಸೋಸಲು ಫಿಲ್ಟರ್ ಬೇಕು. ಧಾರವಾಡದ ಕಡೆಯ ಎರೆಮಣ್ಣಿನಲ್ಲಿ ಇದೇ ತೊಂದರೆ. ಕರಾವಳಿಯಲ್ಲಿ ಸಮಸ್ಯೆ ಉಲ್ಟಾ, ಮುರಕಲ್ಲು ನೀರನ್ನು ಬೇಗ ಬಿಡುತ್ತದೆ, ಮಳೆಗಾಲದಲ್ಲಿ ಬಾವಿ ನೀರೂ ಮೇಲೇರಿರುತ್ತದೆ. ಅಲ್ಲಿ ಆಗಸ್ಟ್‌ನಲ್ಲಿ ಪರೀಕ್ಷೆ ಮಾಡಿ, ಏಪ್ರಿಲ್‌ನಲ್ಲಿ ಮಾಡಿ ಮೋಸಹೋಗಬೇಡಿ.

2–3 ವರ್ಷಕ್ಕೊಮ್ಮೆ ಸಕ್ಕಿಂಗ್ ಲಾರಿ ಕರೆಸಿ, ವಾಸನೆ ಬರುವವರೆಗೆ ಕಾಯಬೇಡಿ. ಲಾರಿಯ ಪೈಪು ತಲುಪುವಂತೆ ಟ್ಯಾಂಕನ್ನು ಮನೆ ಮುಂದೆಯೇ ಕಟ್ಟಿ, ಮುಚ್ಚಳದ ಮೇಲೆ ಟೈಲ್ಸ್ ಹಾಕಿಸಬೇಡಿ. ಕೆಸರನ್ನು ಎಲ್ಲಿ ಸುರಿಯುತ್ತೀರಿ ಎಂದು ಲಾರಿಯವರನ್ನು ಕೇಳಿ. ದೇವನಹಳ್ಳಿಯಲ್ಲಿ 2015ರಿಂದಲೇ ಅದಕ್ಕೆಂದು ಶುದ್ಧೀಕರಣ ಘಟಕ ಇದೆ, ಈಗ ಬೇರೆ ಊರುಗಳಲ್ಲೂ ಬಂದಿವೆ. ಯಾವ ಕಾರಣಕ್ಕೂ ಮನುಷ್ಯರನ್ನು ಟ್ಯಾಂಕಿಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸಬಲ್ಲದು, ಎತ್ತಲು ಇಳಿದವರೂ ಸಾಯುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಅದು ಶಿಕ್ಷಾರ್ಹ ಅಪರಾಧವೂ ಹೌದು.

ಟ್ಯಾಂಕ್ ಮುಂದೆ ಇದ್ದರೆ ಇನ್ನೊಂದು ಅನುಕೂಲ. ನಾಳೆ ಯುಜಿಡಿ ಬಂದಾಗ ಟ್ಯಾಂಕಿಗಿಂತ ಮೊದಲು ಬರುವ ಚೇಂಬರಿನಿಂದ ನೇರ ಮ್ಯಾನ್‌ಹೋಲಿಗೆ ಪೈಪು ಎಳೆದರಾಯಿತು, ಮನೆಯೊಳಗೆ ಏನನ್ನೂ ಒಡೆಯಬೇಕಿಲ್ಲ. ಹಳೇ ಟ್ಯಾಂಕನ್ನು ಲಾರಿಯಿಂದ ಖಾಲಿ ಮಾಡಿಸಿ, ಮೇಲಿನಿಂದಲೇ ತಳಕ್ಕೆ ತೂತು ಹೊಡೆಸಿ, ಮರಳು ಮಣ್ಣು ತುಂಬಿಸಿ ಮುಚ್ಚಿ. ಅದನ್ನು ನೀರಿನ ಸಂಪ್ ಮಾಡುವ ಯೋಚನೆ ಮಾತ್ರ ಬೇಡ.